ಬೈಕು ನೆಲ ಮುಟ್ಟಬಾರದು

ಬನಹಟ್ಟಿಯಿಂದ ಯಾವ ದಿಕ್ಕಿಗೆ ಬೈಕು ತಿರುಗಿಸಿದರೂ ದಾರಿಯಲ್ಲಿ ಯಾವುದಾದರೂ ಪ್ರಾಣಿ ನಮಗಾಗಿಯೇ ಕಾದಿರುತ್ತದೆ. ಉಳಿದವರ ಎದುರು ಅದು ಅಡ್ಡ ಬಂದು ಹೋಗುತ್ತದೆ, ನಮ್ಮ ಎದುರು ಮಾತ್ರ ಏನಾದರೊಂದು ಮಾಡಿಯೇ ಹೋಗುತ್ತದೆ.

ನಾನು ಜಮಖಂಡಿಯ ಒಂದು ಆಸ್ಪತ್ರೆಯಲ್ಲಿ ಮೇಟ್ರನ್. ಎಲುಬಿನ ವಾರ್ಡು ನನ್ನ ಉಸ್ತುವಾರಿಯಲ್ಲಿದೆ. 'ಹಂದಿ ಅಡ್ಡ ಬಂತ್ರಿ', 'ಮಂಗ್ಯಾ ಜಿಗೀತ್ರಿ' ಎನ್ನುತ್ತ ಕಾಲು ಮುರಿದುಕೊಂಡು ಬರುವವರಿಗೆ ಅಲ್ಲಿ ಬರವಿಲ್ಲ. ಆದ್ದರಿಂದ ನೂಲಿನ ವ್ಯಾಪಾರ ಮಾಡುವ ನಮ್ಮ ಮನೆಯವರಿಗೆ ಒಂದು ಷರತ್ತು ಹಾಕಿದ್ದೆ. ಪ್ರಾಣಿಯ ದೆಸೆಯಿಂದ ಬೈಕು ಒಂದೇ ಒಂದು ಸಲ ನೆಲಕ್ಕೆ ಬಿದ್ದರೂ ಅದನ್ನು ಮಾರಬೇಕು, ಆಮೇಲೆ ಬಸ್ಸು. ಅದು ಅವರು ಮದುವೆಗೂ ಮೊದಲು ಕೊಂಡ ಬೈಕು. ಮುಂಜಾನೆ ಎದ್ದು ತಮ್ಮ ಮುಖ ತೊಳೆಯುವ ಮೊದಲು ಅದರ ಮುಖ ಒರೆಸುತ್ತಾರೆ. ಆದರೂ ಒಪ್ಪಿದರು. ಒಪ್ಪದಿದ್ದರೆ ನಾನು ಹಿಂದಿನ ಸೀಟಿನ ಮೇಲೆ ಕೂಡುತ್ತಿರಲಿಲ್ಲ.

ನಿಯಮ ಮಾಡಿದವರೇ ಅದನ್ನು ಕಾಯಬೇಕೆಂದು ಕಾನ್ವೆಂಟಿನ ಸಿಸ್ಟರುಗಳು ನಮಗೆ ಕಲಿಸಿದ್ದರು. ಹಾಗಾಗಿ ಹೆಲ್ಮೆಟ್ಟಿನ ಪಟ್ಟಿ ಬಿಗಿದು, ಬೆನ್ನು ನೆಟ್ಟಗಿಟ್ಟು, ರಸ್ತೆಯ ಎರಡೂ ಬದಿ ನೋಡುವ ಕೆಲಸವನ್ನು ನಾನೇ ವಹಿಸಿಕೊಂಡೆ.

ಹಂದಿಗಳಿಗೆ ದಾರಿ

ಕಬ್ಬು ಕಡಿಯುವ ದಿನಗಳಲ್ಲಿ ಒಳಗೆ ಅಡಗಿದ್ದ ಕಾಡುಹಂದಿಗಳೆಲ್ಲ ರಸ್ತೆಗೆ ಬರುತ್ತವೆ. ಒಂದು ಹಂದಿ ದಾಟಿತೆಂದು ಮುಂದೆ ನುಗ್ಗಬಾರದು, ಹಿಂದೆ ಅದರ ಸಂಸಾರ ಇರುತ್ತದೆ. ಚಿಮ್ಮಡದ ಹತ್ತಿರ ಒಂದು ದಾಟಿದ ಕೂಡಲೇ ಬೈಕು ನಿಲ್ಲಿಸಿ ಎಂಜಿನ್ ಬಂದ್ ಮಾಡಿಸಿದೆ.

ಹಿಂದಿನಿಂದ ಬಂದವನೊಬ್ಬ, "ಯಾಕ್ರೀ ಕಾಕಾ, ಪೆಟ್ರೋಲ್ ಖಾಲಿ ಆತೇನ್ರಿ?" ಎಂದ.

"ಹಂದಿ ಬರೋದೈತಿ. ನೀನೂ ಬಂದ್ ಮಾಡು," ಎಂದೆ.

ಆಸ್ಪತ್ರೆಯ ದನಿಯಲ್ಲಿ ಹೇಳಿದರೆ ಜನ ಕೇಳುತ್ತಾರೆ. ಅವನು ನಿಂತ. ಅವನ ಹಿಂದಿನವನೂ ನಿಂತ. ನೋಡನೋಡುತ್ತ ಏಳೆಂಟು ಬೈಕುಗಳು, ಒಂದು ಆಟೋ, ಎಲ್ಲ ಸಾಲಾಗಿ ನಿಂತವು. ಕಬ್ಬಿನೊಳಗೆ ಸರಸರ ಸದ್ದಾಯಿತು. ಎಲ್ಲರೂ ಅತ್ತಲೇ ತಿರುಗಿದೆವು. ಗರಿ ಸರಿಸಿಕೊಂಡು ಹೊರಬಂದವರು ಹೊಲದ ಮಾಲೀಕರು, ಕೈಯಲ್ಲಿ ಕುಡಗೋಲು. ತಮ್ಮನ್ನೇ ನೋಡುತ್ತ ಸದ್ದಿಲ್ಲದೆ ನಿಂತ ಅಷ್ಟು ಮಂದಿಯನ್ನು ಕಂಡು ಅವರು ಮೊದಲು ಗಾಬರಿಯಾದರು, ಆಮೇಲೆ ಕೈ ಮುಗಿದರು.

"ನಾ ಪಂಚಾಯ್ತಿ ಇಲೆಕ್ಷನ್ನಿಗೆ ನಿಂತಾಗ ಇಷ್ಟ ಮಂದಿ ಕೂಡಿರ್ಲಿಲ್ರಿ!"

ನರಿಯ ಮಾರಿ

ನಮ್ಮ ಕಡೆ ಹೊರಟ ಕೆಲಸ ಆಗಬೇಕಾದರೆ ನರಿಯ ಮಾರಿ, ಅಂದರೆ ಮುಖ, ನೋಡಬೇಕೆನ್ನುತ್ತಾರೆ. ನಾನು ಇಂಥದ್ದನ್ನು ನಂಬುವವಳಲ್ಲ. ಸಾವಳಗಿ ದಾರಿಯಲ್ಲಿ ನರಿಯೊಂದು ಅಡ್ಡ ಬಂದಾಗ ನಾವು ನಿಧಾನ ಮಾಡಿ ಅದನ್ನು ಅದರ ಪಾಡಿಗೆ ಹೋಗಲು ಬಿಟ್ಟೆವು. ಎದುರಿನ ಬೈಕಿನವರು ಬಿಡಲಿಲ್ಲ. ಓಡಿಸುತ್ತಿದ್ದವನು ಇಸ್ತ್ರಿ ಮಾಡಿದ ಬಿಳಿ ಅಂಗಿಯ ತರುಣ. ಹಿಂದೆ ಕೂತ ಅವನ ಕಾಕಾ ಒದರುತ್ತಿದ್ದರು.

"ಲೇ, ಬಾಲ ನೋಡಿದ್ರ ಉಪಯೋಗಿಲ್ಲ! ಹೊಳ್ಳಸಲೇ! ಮುಂದ ಹೋಗಿ ಮಾರಿ ನೋಡಲೇ!"

ತರುಣ ಮಾರಿ ಹುಡುಕುತ್ತ ಬೈಕನ್ನು ಹೊಲಕ್ಕಿಳಿಸಿದ. ಹೊಲಕ್ಕೆ ಆಗತಾನೇ ನೀರು ಬಿಟ್ಟಿದ್ದರು. ಇಬ್ಬರೂ ಮೆತ್ತಗೆ ಮಲಗಿದರು. ನನ್ನ ಚೀಲದಲ್ಲಿ ಔಷಧದ ಡಬ್ಬಿ ಇದ್ದೇ ಇರುತ್ತದೆ. ಇಬ್ಬರ ಮೊಣಕೈ ತೊಳೆದು ಪಟ್ಟಿ ಕಟ್ಟುತ್ತ, "ಎಲ್ಲಿಗೆ ಹೊಂಟಿದ್ರಿ?" ಎಂದು ಕೇಳಿದೆ.

"ಕನ್ಯಾ ನೋಡಾಕ್ರಿ," ಎಂದ ತರುಣ. ಅಂಗಿಯ ಮೇಲೆ ಬಿಳಿ ಎಂಬುದು ಕಾಲರಿನಲ್ಲಿ ಮಾತ್ರ ಉಳಿದಿತ್ತು.

"ಕಡೀಕ ಮಾರಿ ಕಂಡಿತೋ ಇಲ್ಲೋ?" ಎಂದರು ನಮ್ಮ ಮನೆಯವರು.

"ಕಾಣದ ಏನ್ರಿ," ಎಂದರು ಕಾಕಾ, ಬಾಯಿಯೊಳಗಿನ ಮಣ್ಣು ಉಗುಳುತ್ತ. "ನಾವು ಬಿದ್ದ ಮ್ಯಾಲ ಹೊಳ್ಳಿ ಬಂದು, ನಿಂತು ನೋಡಿ ಹೋತ್ರಿ."

ಬಾಯಿ ತೆರೆದರೆ

ಸಂಜೆ ಹೊತ್ತು ಹೆಲ್ಮೆಟ್ಟಿನ ಗಾಜು ಮೇಲೆತ್ತಿ ಹಾಡುತ್ತ ಓಡಿಸಬೇಡಿ ಎಂದು ಮನೆಯವರಿಗೆ ಹೇಳಿ ಹೇಳಿ ನನಗೆ ಸಾಕಾಗಿದೆ. ತೇರದಾಳದಿಂದ ಬರುವಾಗ ಹಾಡು ಫಕ್ಕನೆ ನಿಂತಿತು, ಬೈಕು ಹಾವಿನಂತೆ ಅತ್ತಿತ್ತ ಹೊಯ್ದಾಡಿತು. ಅವರು ಕಾಲೂರಿ ಹೇಗೋ ಬೀಳದಂತೆ ತಡೆದು ಮೊದಲು ಹೇಳಿದ್ದು, "ಬಿದ್ದಿಲ್ಲ! ನೋಡು, ಬಿದ್ದಿಲ್ಲ!"

"ಆಗಿದ್ದೇನು?"

"ಹುಳ. ಒಳಗ ಹೋತು."

ತಲೆತಲಾಂತರದಿಂದ ಮೊಟ್ಟೆ ಸಹ ಮುಟ್ಟದ ಮನೆತನ ನಮ್ಮದು. ಅತ್ತೆಯವರಂತೂ ಪೂಜೆಯಾಗದೆ ನೀರು ಕುಡಿಯುವವರಲ್ಲ. ಮನೆಯವರ ಮುಖ ಸಪ್ಪಗಾಯಿತು.

"ಅವ್ವಗ ಹೇಳಬ್ಯಾಡ. ಅಡಗಿ ಮನ್ಯಾಗ ಬಿಟ್ಟುಕೊಳ್ಳೂದಿಲ್ಲ."

"ಅಗಿದ್ರೇನು?" ಎಂದು ಕೇಳಿದೆ. ರೋಗಿಯ ವಿಷಯ ಪೂರ್ತಿ ತಿಳಿದುಕೊಳ್ಳಬೇಕಲ್ಲ.

"ಇಲ್ಲ. ಹಂಗ ನುಂಗೇನಿ." ಮುಖ ಅರಳಿತು. "ಅಂದಮ್ಯಾಲ ಗುಳಿಗಿ ನುಂಗಿದ ಲೆಕ್ಕ ಆತಲ್ಲ?"

ಹಿಂದೆ ಸರಿದದ್ದು

ಮುಧೋಳ ದಾಟಿ ಬೀಳಗಿಗೆ ಹೊರಟಿದ್ದೆವು. ಯಡಹಳ್ಳಿಯ ಸುತ್ತ ಚಿಂಕಾರಗಳಿವೆ. ಇವು ಸಣ್ಣ ಜಾತಿಯ ಜಿಂಕೆಗಳು, ಬಹಳ ಅಂಜುಬುರುಕ. ಒಂದು ರಸ್ತೆಯ ಬದಿಗೆ ಬಂದು ಕಿವಿ ನಿಮಿರಿಸಿ ನಿಂತಿತು.

"ನಿಲ್ಲಸ್ರಿ. ಹಾರ್ನ್ ಬ್ಯಾಡ. ಇಳೀರಿ. ಡಬಲ್ ಸ್ಟ್ಯಾಂಡ್ ಹಾಕ್ರಿ. ಅಲುಗಾಡಬ್ಯಾಡ್ರಿ."

ಎಲ್ಲ ಕ್ರಮವಾಗಿ ನಡೆಯಿತು. ಚಿಂಕಾರ ಟಣ್ಣನೆ ಜಿಗಿದು ದಾಟಿಹೋಯಿತು. ನಾವು ಇನ್ನೊಂದಕ್ಕಾಗಿ ಕಾದೆವು. ಬಂದದ್ದು ಟಗರು. ಹಣೆಗೆ ಭಂಡಾರದ ಅರಿಸಿನ, ಕೊರಳಿಗೆ ಗೆಜ್ಜೆ, ಕಾಳಗಕ್ಕೆ ಸಾಕಿದ ಟಗರು. ಅದು ಮಿರಿಮಿರಿ ಮಿಂಚುವ ನಮ್ಮ ಬೈಕಿನ ಹೆಡ್‌ಲೈಟಿನಲ್ಲಿ ಇಣುಕಿತು. ಅಲ್ಲೊಂದು ಟಗರು ಕಂಡಿರಬೇಕು. ದಿಟ್ಟಿಸಿ ನೋಡಿ, ಮೆಲ್ಲಗೆ ಹಿಂದೆ ಹಿಂದೆ ಸರಿಯಿತು.

"ನೋಡ್ರಿ," ಎಂದೆ, "ಸುಮ್ಮನ ನಿಂತ್ರ ಪ್ರಾಣಿ ತಾನಾಗಿ ಹಿಂದ ಸರೀತೈತಿ."

ದೂರದಿಂದ ಕುರಿಗಾಹಿಯೊಬ್ಬ ಓಡೋಡಿ ಬರುತ್ತ ಕೂಗಿದ. "ಅಕ್ಕಾರ! ಅದು ಹಿಂದ ಸರದ್ರ ನಿಲ್ಲಬ್ಯಾಡ್ರೀ!"

ಮೊದಲ ಗುದ್ದಿಗೆ ಬೈಕು ನಡುಗಿತು. ಎರಡನೆಯದಕ್ಕೆ ವಾಲಿತು. ಮೂರನೆಯದಕ್ಕೆ ಉದ್ದಕ್ಕೂ ಮಲಗಿತು.

ಕುರಿಗಾಹಿ ಟಗರಿನ ಕೋಡು ಹಿಡಿದುಕೊಂಡ. ಮನೆಯವರು ಬೈಕು ಎತ್ತಿ ನಿಲ್ಲಿಸಿದರು, ಕರ್ಚೀಫಿನಿಂದ ಟ್ಯಾಂಕಿನ ಮಣ್ಣು ಒರೆಸಿದರು. ಆಮೇಲೆ ನನ್ನ ಮುಖ ನೋಡದೆ, "ಆತು. ಮಾತಂದ್ರ ಮಾತು. ಮಾರೂಣು," ಎಂದರು. ಮೂವತ್ತು ವರ್ಷದ ಸಂಸಾರದಲ್ಲಿ ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಮಾರ್ತೀರೇನ್ರೀ ಸಾವಕಾರ್ರ? ಖರೇನ?" ಕುರಿಗಾಹಿಯ ಕಣ್ಣು ಅರಳಿದವು. ಬೈಕಿನ ಸುತ್ತ ಒಂದು ಸುತ್ತು ಬಂದ, ಸೀಟಿನ ಮೇಲೆ ತಟ್ಟಿದ. "ನನಗ ಕೊಡ್ರಿ. ಛಲೋ ಐತ್ರಿ ಗಾಡಿ."

"ನಿನಗ ಓಡ್ಸಾಕ ಬರ್ತೈತೇನು?" ಎಂದು ಕೇಳಿದೆ.

"ನನಗೆಲ್ಲಿ ಬರ್ತೈತ್ರಿ ಅಕ್ಕಾರ! ಓಡ್ಸಾಕಲ್ರಿ. ಈ ಸೀಮ್ಯಾಗ ನನ್ನ ಟಗರಿಂದು ಎರಡ ಗುದ್ದ ತಡಕೊಂಡ ಟಗರ ಇಲ್ಲ. ಇದು ಮೂರ ತಡೀತು! ದಿನಾ ಮುಂಜಾನೆ ಎದುರಿಗೆ ನಿಲ್ಲಸ್ತೇನಿ. ತಾಲೀಮಿಗೆ!"

ಮನೆಯವರು ಎರಡೂ ಕೈಯಿಂದ ಹ್ಯಾಂಡಲ್ ಹಿಡಿದುಕೊಂಡರು.

"ಹತ್ರಿ ಬೈಕ್," ಎಂದೆ ನಾನು.

"ಮತ್ತ ಷರತ್ತು?"

"ಷರತ್ತು ಕಾಡುಪ್ರಾಣಿಗೆ. ಇದು ಸಾಕಿದ್ದು."

ಅಷ್ಟರಲ್ಲಿ ಟಗರು ಮಾಲೀಕನ ಕೈಯಿಂದ ಜಾರಿತ್ತು. ನಮ್ಮನ್ನೇ ನೋಡುತ್ತ ಮೆಲ್ಲಗೆ ಹಿಂದೆ ಸರಿಯತೊಡಗಿತ್ತು. ಹಿಂದಿನ ಸೀಟಿನಿಂದ ನಾನು ಅಂದು ಮೊದಲ ಬಾರಿಗೆ ಒದರಿದೆ:

"ಜೋರ್ ಓಡ್ಸ್ರೀ!"