ಎಪಿಡಿಡಿಮಿಸ್ ಎಂಬ ಮಫ್ಲರ್

ಕ್ರೋಶಾ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರ್ ಫಿಲೋಮಿನಾ ಕೈಯಲ್ಲಿ ಕಲಿತವಳು ನಾನು. ಹಾಗಾಗಿ ಮೊಮ್ಮಗಳು ಸಾಕ್ಷಿ, "ಅಜ್ಜಿ, ನನ್ನ ಡೆಮೊಕ್ಕ ಒಂದು ಎಪಿಡಿಡಿಮಿಸ್ ಹೆಣದು ಕೊಡತೀಯೇನು?" ಎಂದಾಗ "ಆಫ್ ಕೋರ್ಸ್!" ಎಂದುಬಿಟ್ಟೆ. ಅದೇನೆಂದು ಕೇಳಿದ್ದು ಆಮೇಲೆ.

ಗಂಡಸರ ವೃಷಣದ ಹಿಂದಿರುವ ಸುರುಳಿ ಕೊಳವೆಯಂತೆ. ವೀರ್ಯಾಣುಗಳು ಪಕ್ವವಾಗುವುದು ಅದರೊಳಗೆ. ಅದರ ಒಳಗೋಡೆಯನ್ನು ಹಾರ್ಮೋನು ಹೇಗೆ ದಾಟುತ್ತದೆ ಎಂಬುದೇ ಸಾಕ್ಷಿಯ ಪಿಎಚ್.ಡಿ. ನನ್ನ ಕಿವಿ ಬಿಸಿಯಾಯಿತು. ನಮ್ಮ ಬಯಾಲಜಿ ಪುಸ್ತಕದಲ್ಲಿ ಆ ಪಾಠದ ಪುಟಗಳಿಗೆ ಸಿಸ್ಟರ್ ಪಿನ್ ಹೊಡೆದಿದ್ದರು. ಸಂಸಾರದುದ್ದಕ್ಕೂ ನಾನಾಗಲಿ ನಮ್ಮವರಾಗಲಿ ಆ ಪಿನ್ ತೆಗೆದು ಮಾತಾಡಲಿಲ್ಲ. ಪಾಪ, ಅವರೀಗ ಇಲ್ಲ. ಇದ್ದಿದ್ದರೆ ಪೇಪರಿನ ಹಿಂದೆ ಅಡಗಿಕೊಳ್ಳುತ್ತಿದ್ದರು.

"ಎರಡು ಕೋಶದ ನಡುವಿನ ಹೊಲಿಗಿ ಬಿಗಿ ಇರಲಿ, ಅಲ್ಲಿ ಏನೂ ನುಸುಳಬಾರದು," ಎಂದಳು ಸಾಕ್ಷಿ. "ಕೋಶ ಮಾತ್ರ ಜಾಳಾಗಿರಲಿ. ಟೆಸ್ಟೊಸ್ಟೆರಾನ್ ಕೊಬ್ಬಿನಾಗ ಕರಗೋದು, ಕೋಶದೊಳಗಿಂದನ ಹಾದು ಹೋಗತದ. ಈ ಮಣೀನ ಹಾರ್ಮೋನು, ಅದು ಪಾಸ್ ಆಗಬೇಕು. ನಮ್ಮ ಗೈಡ್ ಮುಂದ ನನ್ನ ಮೊದಲನೇ ಡೆಮೊ ಅಜ್ಜಿ, ಕೈ ಕೊಡಬ್ಯಾಡ."

"ಡೋಂಟ್ ವರಿ!" ಎಂದೆ.

ಗುಲಾಬಿ ಉಲ್ಲನ್ನಿನ ಕೊಳವೆ ಮುಗಿಯುತ್ತಾ ಬಂದಿತ್ತು. ಪಕ್ಕದ ಫ್ಲಾಟಿನ ಸುಮತಿಬಾಯಿ ಒಳಗೆ ಬಂದರು.

"ಏನ್ರೀ ಅದು?"

"ಮಫ್ಲರ್!" ಎಂದಿತು ನನ್ನ ಬಾಯಿ.

"ಇಷ್ಟು ತೂತಿನ ಮಫ್ಲರ್? ಗಾಳಿ ಆಡತದಲ್ರೀ! ಕಾನ್ವೆಂಟಿನಾಗ ಇಷ್ಟ ಕಲಿಸಿದ್ರೇನು?"

ನನ್ನ ಪಾಲಿಗೆ ವಿಜ್ಞಾನ ಅಲ್ಲಿಗೆ ಮುಗಿಯಿತು. ಇದು ಸಿಸ್ಟರ್ ಫಿಲೋಮಿನಾರ ಮಾನದ ಪ್ರಶ್ನೆ! ಸುಮತಿಬಾಯಿಯ ಎದುರೇ ಒಂದೊಂದು ತೂತನ್ನೂ ಮುಚ್ಚಿದೆ.

"ಹಾಂ, ಈಗ ಛಂದ ಆತು! ನಮ್ಮನಿಯವರಿಗೂ ಇಂಥಾದೊಂದು ಹಾಕಿಕೊಡ್ರೆಲಾ."

"ವಿತ್ ಪ್ಲೆಷರ್," ಎಂದೆ. ನನಗೆ ಬೇರೇನು ಗತಿ?

ಅವರು ಹೋದ ಮೇಲೆ ಬಿಚ್ಚಬೇಕೆಂದಿದ್ದೆ. ಅಷ್ಟು ಅಂದದ ಹೆಣಿಗೆ, ಮನಸ್ಸು ಬರಲಿಲ್ಲ. ಹಾರ್ಮೋನು ಸಣ್ಣದಲ್ಲವೇ, ಹೇಗಾದರೂ ದಾರಿ ಮಾಡಿಕೊಳ್ಳುತ್ತದೆ ಬಿಡು ಎಂದುಕೊಂಡೆ.

ಡೆಮೊ ನಾವಿರುವ ಮರಾಠಿ ಊರಿನ ಧನಕವಡಿ ಬಡಾವಣೆಯ ಒಂದು ಕಾಲೇಜಿನಲ್ಲಿ. ಮುಂದಿನ ಸಾಲಿನಲ್ಲಿ ಗೈಡ್ ಮೇಡಂ, ಪಕ್ಕದಲ್ಲೇ ರೇಷ್ಮೆ ಸೀರೆಯಲ್ಲಿ ನಾನು. "ಆತಾ ಬಘಾ!" ಈಗ ನೋಡಿ ಎಂದು ಸಾಕ್ಷಿ ಮಣಿಯನ್ನು ಕೊಳವೆಯ ಗೋಡೆಗೆ ಒತ್ತಿದಳು. ಹೋಗಲಿಲ್ಲ. ಹೆಬ್ಬೆರಳಿನಿಂದ ಒತ್ತಿದಳು. ಊಹೂಂ! ಹಿಂದಿನ ಸಾಲಿನ ಹುಡುಗಿಯರು ಕಿಸಕ್ಕೆಂದರು. ಮೇಡಂ ಕನ್ನಡಕ ತೆಗೆದು ಒರೆಸಿದರು. ಸಾಕ್ಷಿ ನನ್ನತ್ತ ನೋಡಿದಳು. ಆ ನೋಟ ಯಾವ ಶತ್ರುವಿಗೂ ಬೇಡ.

ಪರ್ಸಿನಿಂದ ಕ್ರೋಶಾ ಕಡ್ಡಿ ಹಿರಿದು ವೇದಿಕೆಗೆ ನುಗ್ಗಿದೆ. "ಒನ್ ಮಿನಿಟ್, ಪ್ಲೀಸ್!" ಒಂದೇ ಒಂದು ಕುಣಿಕೆ ಎಳೆದೆ. ಎಳೆಯಬಾರದ ಕುಣಿಕೆ! ಸರ್ರನೆ ಬಿಚ್ಚಿಕೊಂಡ ಎಪಿಡಿಡಿಮಿಸ್ಸು ಗೈಡ್ ಮೇಡಂ ಕಾಲ ಬಳಿ ಗುಡ್ಡೆಯಾಗಿ ಬಿತ್ತು.

ಸಾಕ್ಷಿಯ ಕಣ್ಣು ತುಂಬಿತು. ಆಮೇಲೆ ಮೂಗು ಸೇದಿ, ಮೈಕು ಹಿಡಿದು, ಮರಾಠಿಯಲ್ಲಿ ಹೇಳಿಯೇಬಿಟ್ಟಳು: ಹಾರ್ಮೋನು ಕೋಶದೊಳಕ್ಕೆ ಹೋಗದಿದ್ದರೆ ಈ ಗೋಡೆ ಹೀಗೆಯೇ ಸೊರಗಿ ಕುಸಿಯುತ್ತದೆ! ಅದು ನಿಜವಂತೆ. ಮೊದಲು ಚಪ್ಪಾಳೆ ತಟ್ಟಿದವರು ಗೈಡ್ ಮೇಡಮ್ಮೇ.

ಬರುವಾಗ ರಿಕ್ಷಾದಲ್ಲಿ ಸಾಕ್ಷಿ ನನ್ನ ಕೈ ಹಿಡಿದು ಕೂತಿದ್ದಳು. "ಅಜ್ಜಿ, ಮುಂದಿನ ಡೆಮೊಕ್ಕ ನೀ ಮನ್ಯಾಗ ಇರು. ಕಡ್ಡಿ ನನ್ನ ಕಡೆ ಇರಲಿ."

ಅದೇ ಉಲ್ಲನ್ನಿನಲ್ಲಿ ಸುಮತಿಬಾಯಿಯ ಯಜಮಾನರಿಗೆ 'ಇಂಥಾದೊಂದು' ಹಾಕಿಕೊಟ್ಟೆ. ಕೊಟ್ಟ ಮಾತಲ್ಲವೇ! ಅವರು ಅದನ್ನು ಕುತ್ತಿಗೆಗೆ ಸುತ್ತಿಕೊಂಡು ಬೆಳಿಗ್ಗೆ ವಾಕಿಂಗ್ ಹೊರಡುತ್ತಾರೆ. ನಿನ್ನೆ ಲಿಫ್ಟಿನೆದುರು ಹಿಡಿದು ನಿಲ್ಲಿಸಿದರು.

"ಭಾಳ ಬೆಚ್ಚಗದ ನೋಡ್ರಿ! ಈ ಡಿಸೈನಿಗೆ ಏನೋ ಹೆಸರು ಇರಬೇಕಲ್ರಿ?"

"ಕಾನ್ವೆಂಟ್ ಸ್ಟಿಚ್," ಎಂದು, ಪಿನ್ ಹೊಡೆದ ಪುಟದ ಹಾಗೆ ಬಾಯಿ ಮುಚ್ಚಿಕೊಂಡು, ಮಂಡಿನೋವನ್ನೂ ಮರೆತು ಮೆಟ್ಟಿಲು ಹತ್ತಿದೆ.