ಗೋಡೆಗೆ ಅಂಟಿದ ಕೌಂಟಿ

ಮಗಳನ್ನು ನೋಡಲು ಬರಲಿದ್ದ ಹುಡುಗ ಇರುವುದೆಲ್ಲಿ ಎಂದು ಶನಿವಾರ ಬೆಳಗ್ಗೆ ಕಾಫಿ ಕುಡಿಯುತ್ತ ಫೋನಿನಲ್ಲಿ ಹುಡುಕಿದ್ದೇ ರಾಮಪ್ರಸಾದರ ತಪ್ಪು. ಹುಡುಗ ನಿತೀಶ, ಧಾರವಾಡದ ಮನೆತನದವನು, ಲಂಡನ್ನಿನಲ್ಲೇ ಬೆಳೆದು ದನದ ಡಾಕ್ಟರಾದವನು. ಮೂರು ವರ್ಷದಿಂದ ಅಮೆರಿಕದಲ್ಲಿದ್ದಾನೆ ಎಂದಷ್ಟೇ ಹೆಂಡತಿ ಶೋಭಾ ಹೇಳಿದ್ದಳು. ಅಮೆರಿಕ ಎಂದರೆ ನ್ಯೂಯಾರ್ಕೋ ಅಂಥದ್ದೇ ಇನ್ನೊಂದೋ ಎಂದು ರಾಮಪ್ರಸಾದರು ನೆಮ್ಮದಿಯಾಗಿದ್ದರು. ಫೋನು ಬೇರೆಯೇ ಹೇಳಿತು. ಕ್ಯಾನ್ಸಸ್ ರಾಜ್ಯದ ಮೂಲೆಯ ವಿಲೋಬೆಂಡ್ ಕೌಂಟಿ, ನಮ್ಮ ಜಿಲ್ಲೆಯ ಹಾಗೆ. ವಿಸ್ತೀರ್ಣ ಇಡೀ ಲಂಡನ್ನಿನ ಒಂದೂವರೆ ಪಟ್ಟು. ಜನಸಂಖ್ಯೆ ಸಾವಿರದ ಎಂಟುನೂರ ನಲವತ್ತಾರು.

ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಸೊನ್ನೆಗಳೇನೂ ಬಿಟ್ಟುಹೋಗಿರಲಿಲ್ಲ. ಬೆಳಗಿನ ಹೊತ್ತು ತಾವಿದ್ದ ಲಂಡನ್ನಿನ ಹ್ಯಾರೋದಿಂದ ಹೊರಡುವ ಎರಡು ಮೆಟ್ರೊಪಾಲಿಟನ್ ಲೈನ್ ರೈಲುಗಳಲ್ಲಿ ಇಡೀ ಕೌಂಟಿಯನ್ನು ಹತ್ತಿಸಿ ಬೇಕರ್ ಸ್ಟ್ರೀಟಿನಲ್ಲಿ ಇಳಿಸಿಬಿಡಬಹುದಿತ್ತು. ಇರುವವಳು ಒಬ್ಬಳೇ ಮಗಳು, ಸ್ಮೃತಿ. ಪ್ರೈಮರಿ ಸ್ಕೂಲಿನ ಟೀಚರು. ಅವಳನ್ನು ಆ ಬಯಲಿಗೆ ಕಳಿಸುವುದೆಂದರೆ!

ಅಡುಗೆಮನೆಯಲ್ಲಿ ಬೋಂಡಾ ಹಿಟ್ಟು ಕಲಸುತ್ತಿದ್ದ ಶೋಭಾ ಏನನ್ನೂ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಹಾಗಾಗಿ ಅವರು ಹಿತ್ತಲಿನ ಬೇಲಿಯ ಮೇಲಿಂದ ಪಕ್ಕದ ಮನೆಯ ಕಾಶವ್ವನಿಗೆ ಹೇಳಿಕೊಂಡರು. ವಿಜಯಪುರದ ಕಾಶವ್ವ ನಲವತ್ತು ವರ್ಷದಿಂದ ಆ ಬೀದಿಯ ಎಲ್ಲರ ಕಷ್ಟಕ್ಕೂ ಕೇಳದೆಯೇ ಪರಿಹಾರ ಕೊಡುತ್ತಿದ್ದವಳು.

"ಸಾವಿರದ ಎಂಟುನೂರಾ? ನನ್ನ ಮದುವ್ಯಾಗ ಊಟಕ್ಕ ಕುಂತವ್ರು ಅದಕ್ಕಿಂತ ಹೆಚ್ಚಿದ್ರು ನೋಡ್ರಿ. ಹುಡುಗಿಗೆ ಬಾಯಿಲೆ ಹೇಳಿದ್ರ ಕೇಳಂಗಿಲ್ಲ. ಕಣ್ಣಿಗೆ ಕಾಣೂಹಂಗ ತೋರಸ್ರಿ" ಎಂದಳು.

ರಾಮಪ್ರಸಾದರು ಲೈಬ್ರರಿಗೆ ಓಡಿದರು. ಕೌಂಟಿಯ ನಕ್ಷೆಯನ್ನು ದೊಡ್ಡದು ಮಾಡಲು ಯಾವುದೋ ಗುಂಡಿ ಒತ್ತಿದರು, ಅದು ಅತಿ ದೊಡ್ಡದಾಯಿತು. ಪ್ರಿಂಟರು ಮೂವತ್ತಾರು ಹಾಳೆ ಉಗುಳಿತು, ಅದರಲ್ಲಿ ಇಪ್ಪತ್ತೊಂಬತ್ತು ಖಾಲಿ. ಮಸಿ ಮುಗಿದಿದೆ ಎಂದು ಅವರು ದೂರು ಹೇಳಿದಾಗ ಲೈಬ್ರರಿಯ ಹುಡುಗಿ ಬಂದು ಪರೀಕ್ಷಿಸಿ, ಮಸಿ ಸರಿಯಾಗಿಯೇ ಇದೆ, ಆ ಜಾಗದಲ್ಲಿ ಏನೂ ಇಲ್ಲ ಅಷ್ಟೇ ಎಂದು ವಿನಯದಿಂದ ತಿಳಿಸಿದಳು. ರಾಮಪ್ರಸಾದರಿಗೆ ಇಷ್ಟು ಖುಷಿ ಎಷ್ಟೋ ದಿನದಿಂದ ಆಗಿರಲಿಲ್ಲ. ಆ ಖಾಲಿ ಹಾಳೆಗಳೇ ಅವರಿಗೆ ಬೇಕಾಗಿದ್ದ ಸಾಕ್ಷಿ.

ಮಧ್ಯಾಹ್ನ ಶೋಭಾ ಸ್ನಾನಕ್ಕೆ ಹೋದಾಗ ಹಾಲ್‌ನ ಗೋಡೆಗೆ ನಕ್ಷೆ ಅಂಟಿಸತೊಡಗಿದರು. ಸೆಲ್ಲೋಟೇಪು ನಿಲ್ಲಲಿಲ್ಲ. ಕಾಶವ್ವ ತನ್ನ ಮನೆಯಿಂದ ವಾಲ್‌ಪೇಪರ್ ಅಂಟಿಸುವ ಗೋಂದಿನ ಬಕೆಟ್ಟು ತಂದು, ತಾನೇ ಬ್ರಷ್ ಹಿಡಿದು ಧಾರಾಳವಾಗಿ ಬಳಿದಳು. ನಕ್ಷೆ ನಿಂತಿತು. ಸ್ನಾನ ಮುಗಿಸಿ ಬಂದ ಶೋಭಾ ಗೋಡೆ ನೋಡಿ ಗಂಡನನ್ನು ಬೈಯುತ್ತ ಒಂದು ಹಾಳೆಯನ್ನು ಎಳೆದಳು. ಜೊತೆಗೆ ಅಂಗೈಯಗಲ ಗೋಡೆಯ ಬಣ್ಣವೂ ಕಿತ್ತುಬಂತು. ಅವಳು ಹಾಳೆಯನ್ನು ಮತ್ತೆ ಅಲ್ಲಿಗೇ ಒತ್ತುತ್ತಿರುವಾಗ ಬಾಗಿಲ ಗಂಟೆ ಸದ್ದಾಯಿತು.

ನಿತೀಶ ಒಬ್ಬನೇ ಬಂದಿದ್ದ. ಗೋಡೆ ಕಂಡದ್ದೇ ಶೂ ಬಿಚ್ಚುತ್ತಿದ್ದ ಕೈ ನಿಂತಿತು. ಸ್ಮೃತಿ ಮೆಟ್ಟಿಲಿಳಿದು ಬಂದು ಅವನನ್ನೂ ಗೋಡೆಯನ್ನೂ ಅಪ್ಪನನ್ನೂ ನೋಡಿದಳು. ರಾಮಪ್ರಸಾದರು ಗಂಟಲು ಸರಿಮಾಡಿಕೊಂಡು ತಮ್ಮ ಬಾಣ ಬಿಟ್ಟರು. "ಇಲ್ಲಿ ಏನೂ ಇಲ್ವಲ್ಲಪ್ಪ?" ಎಂದು ಖಾಲಿ ಹಾಳೆಯೊಂದರ ಮೇಲೆ ಬೆರಳಿಟ್ಟರು.

"ಅದಾ? ಅಲ್ಲಿ ಡೋರಿಸ್ ಅಜ್ಜಿ ಇರ್ತಾರ್ರೀ," ಎಂದ ನಿತೀಶ. ಜೇಬಿನಿಂದ ಪೆನ್ನು ತೆಗೆದು ಪುಟ್ಟ ಮನೆ ಬರೆದ. ಅಜ್ಜಿಗೆ ತೊಂಬತ್ತೊಂದು ವರ್ಷ, ಹದಿನಾಲ್ಕು ಹಸು, ಹಿಮ ಬಿದ್ದ ದಿನ ದಾರಿಯ ಮೇಲಿನ ಎಲ್ಲರಿಗೂ ಅವಳದೇ ಸೂಪು. ಪಕ್ಕದ ಹಾಳೆಯಲ್ಲಿ ಹೊಳೆ ಎಳೆದ, ಅದು ಮಳೆ ಬಂದಾಗಷ್ಟೇ ಹರಿಯುತ್ತದಂತೆ. ಇನ್ನೊಂದರಲ್ಲಿ ಶಾಲೆ ಬರೆದ. ಎಷ್ಟು ಮಕ್ಕಳು ಎಂದು ಸ್ಮೃತಿ ಕೇಳಿದಳು. ಹನ್ನೊಂದು ಎಂದ. ಮೂವತ್ತೆರಡು ಮಕ್ಕಳ ಕ್ಲಾಸಿನಲ್ಲಿ ದಿನವೂ ಗಂಟಲು ಹರಿದುಕೊಳ್ಳುತ್ತಿದ್ದ ಸ್ಮೃತಿ ತಾನೂ ಒಂದು ಪೆನ್ನು ಹುಡುಕಿ ತಂದಳು.

ರಾಮಪ್ರಸಾದರು ನೆರವಿಗಾಗಿ ಕಾಶವ್ವನತ್ತ ನೋಡಿದರು. ಕಾಶವ್ವ ಆಗಲೇ ಹೊಲಗಳ ವಿಚಾರಕ್ಕಿಳಿದಿದ್ದಳು. ಅಲ್ಲಿ ಮೈಲುಗಟ್ಟಲೆ ಬಿಳಿಜೋಳ ಬೆಳೆದು ದನಕ್ಕೆ ಹಾಕುತ್ತಾರೆ ಎಂದು ನಿತೀಶ ಹೇಳಿದ.

"ಜೋಳಾ ದನಕ್ಕ?" ಕಾಶವ್ವ ಎದೆ ಹಿಡಿದುಕೊಂಡಳು. "ಅಲ್ಲಿ ರೊಟ್ಟಿ ಬಡಿಯೂದು ಕಲಿಸೂವ್ರು ಯಾರೂ ಇಲ್ಲೇನು? ನಮ್ಮ ಹುಡುಗಿ ಹೋಗಬೇಕ್ರಿ ಹಂಗಾರ."

ಬೋಂಡಾ ಖಾಲಿಯಾಗುವ ಹೊತ್ತಿಗೆ ಖಾಲಿ ಹಾಳೆಗಳು ಐದೋ ಆರೋ ಉಳಿದಿದ್ದವು. ಆಗ ನಿತೀಶ ಸ್ವಲ್ಪ ಸಂಕೋಚದಿಂದ ರಾಮಪ್ರಸಾದರ ಎದುರು ಬಂದು ಕೂತ.

"ಅಂಕಲ್, ಒಂದು ಮಾತು ಹೇಳೂದಿತ್ರಿ. ಅಲ್ಲಿಗೆ ಯಾವ ಹುಡುಗಿ ಬರ್ತಾಳ ಅಂತ ಎಲ್ಲಾರೂ ಅಂದ್ರು. ಅದಕ್ಕ ಇಲ್ಲೇ, ಹ್ಯಾರೋದಾಗ, ಒಂದು ಕ್ಲಿನಿಕ್‌ನ್ಯಾಗ ಕೆಲಸ ಹಿಡದಿದ್ದೆ. ಸೋಮವಾರ ಸೈನ್ ಮಾಡಾವ. ಇವತ್ತು ಅದನ್ನ ಹೇಳಾಕ ಬಂದಿದ್ದೆ."

ರಾಮಪ್ರಸಾದರು ಬಾಯಿಗಿಟ್ಟ ಕೊನೆಯ ಬೋಂಡಾ ಅಲ್ಲೇ ನಿಂತಿತು. "ಹ್ಯಾರೋದಲ್ಲೇನಾ?"

"ಹೌದ್ರೀ. ಆದ್ರ ನೀವು ಗೋಡಿ ತುಂಬ ನಮ್ಮ ಕೌಂಟಿ ಅಂಟಿಸಿದ್ದು ನೋಡಿ ಮನಸ್ಸು ಬದಲಾತು. ಇನ್ನ ನಾ ಅಲ್ಲಿಂದ ಬರಂಗಿಲ್ರಿ."

ಹ್ಯಾರೋ ಕೂಡ ಬಹಳ ಒಳ್ಳೆಯ ಊರು, ಗಾಳಿ ಚೆನ್ನಾಗಿದೆ, ಮೂಲೆಯ ಅಂಗಡಿಯಲ್ಲಿ ಕರಿಬೇವೂ ಸಿಗುತ್ತದೆ ಎಂದೆಲ್ಲ ರಾಮಪ್ರಸಾದರು ಹೇಳಿ ನೋಡಿದರು. ಯಾರೂ ಕೇಳಿಸಿಕೊಳ್ಳಲಿಲ್ಲ. ಈಸ್ಟರ್ ರಜೆಯಲ್ಲಿ ಹೋಗಿ ನೋಡಿಕೊಂಡು ಬರುತ್ತೇನೆ ಎಂದು ಸ್ಮೃತಿ ಹೇಳುತ್ತಿದ್ದಳು. ಇಂಥ ನಗು ಅವಳ ಮುಖದಲ್ಲಿ ಬಂದು ಎಷ್ಟು ತಿಂಗಳಾಯಿತು ಎಂದು ಅವರು ಲೆಕ್ಕ ಹಾಕಲು ಹೋಗಿ ಕೈಬಿಟ್ಟರು.

"ನಿಮ್ಮಪ್ಪ ಬೆಳಗ್ಗೆಯಿಂದ ಇದಕ್ಕೇ ಓಡಾಡಿದ್ರು ಕಣೆ," ಎಂದ ಶೋಭಾಳ ಕಣ್ಣು ಒದ್ದೆಯಾಗಿತ್ತು. "ನಾನು ಸುಮ್ನೆ ಬೈದೆ."

ರಾಮಪ್ರಸಾದರು ತಲೆಯಾಡಿಸಿದರು. ಬೇರೆ ಏನು ತಾನೆ ಮಾಡಿಯಾರು? ಆಮೇಲೆ ಎದ್ದು ಗೋಡೆಯ ಹತ್ತಿರ ಹೋದರು. ಅಲ್ಲಿ ಜನ ಎಂದಾದರೂ ಒಂದು ಕಡೆ ಸೇರುವುದುಂಟೋ ಎಂದು ಮೆಲ್ಲಗೆ ಕೇಳಿದರು.

ಶುಕ್ರವಾರ ಸಂಜೆ ಹೈಸ್ಕೂಲಿನಲ್ಲಿ ಬಾಸ್ಕೆಟ್‌ಬಾಲ್ ಆಟವಿರುತ್ತದೆ, ನಾನೂರು ಜನ ಬರುತ್ತಾರೆ ಎಂದ ನಿತೀಶ.

"ಅಷ್ಟೊಂದು ಜನಾನಾ?" ಎಂದರು ರಾಮಪ್ರಸಾದರು.