ಮುಹೂರ್ತಕ್ಕೆ ಮುನ್ನ ಮೋಡೆಮ್‌ಗೆ ಪಿನ್ನು

ಸರಿಯಾಗಿ ನಡೆಯುತ್ತಿರುವ ವಸ್ತುವನ್ನು ಕಂಡರೆ ನನಗೆ ಸಮಾಧಾನವಿರುವುದಿಲ್ಲ. ಕೆಟ್ಟು ನಿಂತದ್ದರ ತಂಟೆಗೆ ನಾನು ಹೋಗುವವನಲ್ಲ, ಅದಕ್ಕೆ ರಿಪೇರಿಯವರಿದ್ದಾರೆ. ಆದರೆ ಫ್ಯಾನು ತನ್ನ ಪಾಡಿಗೆ ತಾನು ತಿರುಗುತ್ತಿದ್ದರೆ, ಇನ್ನೂ ಸ್ವಲ್ಪ ಚೆನ್ನಾಗಿ ತಿರುಗಬಹುದಲ್ಲ ಎನ್ನಿಸಿ ಸ್ಟೂಲು ಹತ್ತುತ್ತೇನೆ. ಹೀಗೆ ಚೆನ್ನಾಗಿ ನಡೆಯುತ್ತಿದ್ದ ಒಂದು ಗೋಡೆ ಗಡಿಯಾರ, ಎರಡು ಮಿಕ್ಸರು ಮತ್ತು ಮಾವನವರು ಕೊಟ್ಟ ರೇಡಿಯೋ ನನ್ನ ಕೈಯಲ್ಲಿ ಮೋಕ್ಷ ಕಂಡಿವೆ. "ಕೈ ತುರಿಸಿದ್ರ ಗ್ವಾಡಿಗೆ ಉಜ್ಜಿಕೋರ್ರಿ, ಚಲೋ ಇದ್ದ ಸಾಮಾನ ಮುಟ್ಟಬ್ಯಾಡ್ರಿ" ಎಂದು ನನ್ನ ಹೆಂಡತಿ ಸುಮಿತ್ರಾ ಹೇಳುತ್ತಲೇ ಬಂದಿದ್ದಾಳೆ. ಇರಲಾರದೆ ಇರುವೆ ಬಿಟ್ಟುಕೊಳ್ಳುವವರ ಬಗ್ಗೆ ಹಿರಿಯರು ಗಾದೆ ಕಟ್ಟಿದಾಗ ಅವರ ಕಣ್ಣ ಮುಂದೆ ನಮ್ಮ ವಂಶದವರೇ ಯಾರೋ ಇದ್ದಿರಬೇಕು.

ಆಗ ಪುಣೆಯ ಕೊಂಢವಾದಲ್ಲಿದ್ದ ನಮ್ಮ ಮನೆಗೆ ಬ್ರಾಡ್‌ಬ್ಯಾಂಡ್ ಬಂದು ಆರು ತಿಂಗಳಾಗಿತ್ತು. ಟೆಲಿಫೋನಿನ ಪಕ್ಕ ಒಂದು ಮೋಡೆಮ್, ಅದರ ಮೇಲೆ ನಾಲ್ಕು ಹಸಿರು ದೀಪ. ಬಂದವರಿಗೆಲ್ಲ ಚಹಕ್ಕಿಂತ ಮೊದಲು ಆ ದೀಪಗಳನ್ನು ತೋರಿಸುತ್ತಿದ್ದೆ. ಅದೇ ಹೊತ್ತಿಗೆ ಸಿಂಗಾಪುರದಲ್ಲಿದ್ದ ಸುಮಿತ್ರಾಳ ತಮ್ಮ ಈರಣ್ಣನಿಗೆ ಗಂಡು ಮಗುವಾಯಿತು. ನಮ್ಮ ಕಡೆ ತೊಟ್ಟಿಲಲ್ಲಿ ಹಾಕಿದ ಕೂಸಿನ ಕಿವಿಯಲ್ಲಿ "ಕುರ್ರ್..." ಎಂದು ಹೆಸರು ಹೇಳುವ ಹಕ್ಕು ಸೋದರತ್ತೆಯದು. ಆಕೆ ಹೆಸರು ಹೇಳುತ್ತಿರುವಾಗ ಸುತ್ತ ನಿಂತ ಹೆಂಗಸರು ಆಕೆಯ ಬೆನ್ನಿಗೆ ಗುದ್ದುತ್ತಾರೆ. ಹಕ್ಕೆಂದ ಮೇಲೆ ನಾಲ್ಕು ಗುದ್ದು ತಿನ್ನಬೇಕಾದದ್ದೇ. ಸುಮಿತ್ರಾ ಸೀರೆ, ಟಿಕೆಟ್ಟು ಎಲ್ಲ ಸಿದ್ಧ ಮಾಡಿಕೊಂಡು ನಮ್ಮ ಬಿಲ್ಡಿಂಗಿನ ಮೆಟ್ಟಿಲಲ್ಲಿ ಜಾರಿಬಿದ್ದಳು. ಮೊಣಕಾಲಿನವರೆಗೆ ಪ್ಲಾಸ್ಟರು.

ಕಾಲಿಗಿಂತ ಹೆಚ್ಚು ಅವಳಿಗೆ ನೋವಾದದ್ದು ಹೆಸರಿನದು. ಹಿಂದಿನ ವರ್ಷ ತೀರಿಹೋದ ತಂದೆಯ ಹೆಸರು, ಚನ್ನವೀರ, ಈ ಕೂಸಿಗೆ ಬರಬೇಕೆಂದು ಅವಳ ಆಸೆ. ಬಾಣಂತಿಗೆ ಕ್ರಿಶ್ ಎಂದಿಡುವ ಮನಸ್ಸು. ಕಡೆಗೆ ಆದ ರಾಜಿ ಇದು: ಅತ್ತೆ ತಾನೇ ಕಿವಿಯಲ್ಲಿ ಹೇಳಿದರೆ ಚನ್ನವೀರ, ಅತ್ತೆಯ ದನಿ ಬಾರದಿದ್ದರೆ ಬಾಣಂತಿಯ ಗೆಳತಿ ಹೇಳುತ್ತಾಳೆ, ಹೆಸರು ಕ್ರಿಶ್. ಆಗ ಈರಣ್ಣನೇ ದಾರಿ ತೋರಿಸಿದ. "ಮಾಮಾರ, ಕಂಪ್ಯೂಟರಿನ್ಯಾಗ ಮಾತಾಡೂಣು. ಕನೆಕ್ಟ್ ಆದ ಕೂಡ್ಲೇ ನಾ ಹೆಡ್‌ಫೋನ್ ಸೀದಾ ಕೂಸಿನ ಕಿವಿಗೆ ಹಿಡೀತೀನಿ. ಅಕ್ಕಗ ಹೇಳ್ರಿ, ತಡಾ ಮಾಡದ ಕುರ್ರ್ ಅನ್ನಂತ." ಭಾನುವಾರ ಇಲ್ಲಿ ಹತ್ತು ಗಂಟೆ, ಅಲ್ಲಿ ಹನ್ನೆರಡೂವರೆ. ಅದೇ ಮುಹೂರ್ತ.

ಆ ಬೆಳಿಗ್ಗೆ ಒಂಬತ್ತಕ್ಕೇ ಸುಮಿತ್ರಾ ಇಳಕಲ್ ಸೀರೆ ಉಟ್ಟು, ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲಿಟ್ಟು, ಕಂಪ್ಯೂಟರಿನ ಮುಂದೆ ಕುಳಿತಿದ್ದಳು. ನಾಲ್ಕೂ ದೀಪ ಹಸಿರಾಗಿದ್ದವು. ಎಲ್ಲ ಸರಿಯಿತ್ತು. ನನಗೆ ಅದನ್ನೇ ಸಹಿಸಲಾಗಲಿಲ್ಲ. ಇಷ್ಟು ದೊಡ್ಡ ಕೆಲಸಕ್ಕೆ ಮೋಡೆಮ್ ಸ್ವಲ್ಪ ತಾಜಾ ಆಗಿದ್ದರೆ ಒಳ್ಳೆಯದಲ್ಲವೇ? ಅದರ ಬೆನ್ನಿಗೆ ಒಂದು ಸಣ್ಣ ತೂತು, ತೂತಿನ ಕೆಳಗೆ 'ರಿಸೆಟ್' ಎಂದು ಬರೆದಿತ್ತು. ಆರಿಸಿ ಹಚ್ಚುವುದಕ್ಕೆ ಇದು ಇನ್ನೂ ಮರ್ಯಾದೆಯ ಹೆಸರೆಂದು ನನ್ನ ತಿಳಿವಳಿಕೆ. ಸುಮಿತ್ರಾಳ ಬಳೆಗೆ ಸಿಕ್ಕಿಸಿದ್ದ ಪಿನ್ನೊಂದನ್ನು ಕೇಳಿದೆ.

"ಯಾಕ್ರಿ?"

"ಸುಮ್ಮನ."

ಆ 'ಸುಮ್ಮನ' ಎಂಬ ಶಬ್ದ ಕೇಳಿಯೂ ಅವಳು ಪಿನ್ನು ಕೊಟ್ಟಳಲ್ಲ, ಅದು ಆ ದಿನದ ಸಂಭ್ರಮದ ತಪ್ಪು. ಚುಚ್ಚಿದೆ. ನಾಲ್ಕೂ ದೀಪ ಹೋದವು. ತಿರುಗಿ ಬಂದದ್ದು ಮೂರು. ಇಂಟರ್ನೆಟ್ಟಿನ ದೀಪ ಮಾತ್ರ ಬರಲೇ ಇಲ್ಲ. ಐದು ನಿಮಿಷ ಕಾದೆ, ಅದರ ತಲೆ ಸವರಿದೆ, ವೈರು ಕಿತ್ತು ಮತ್ತೆ ಸಿಕ್ಕಿಸಿದೆ. ಹೆಂಡತಿ ಪರದೆ ನೋಡಿದಳು, ಮೋಡೆಮ್ ನೋಡಿದಳು, ನನ್ನ ಕೈಯಲ್ಲಿದ್ದ ಪಿನ್ನನ್ನು ನೋಡಿದಳು. "ನಮ್ಮಪ್ಪನ ಹೆಸರು ಹೋತು" ಎಂದಷ್ಟೇ ಅಂದಳು. ಬೈದಿದ್ದರೆ ಚೆನ್ನಾಗಿತ್ತು. ಗ್ರಾಹಕ ಸೇವೆಗೆ ಫೋನು ಹಚ್ಚಿದೆ.

ಫೋನೆತ್ತಿದ ಹುಡುಗಿ ಪಾಪ ಒಳ್ಳೆಯವಳು. "ಸರ, ರಿಸೆಟ್ ಕರಾಯಲಾ ಕೋಣಿ ಸಾಂಗಿತಲಂ?" ಎಂದು ಮರಾಠಿಯಲ್ಲಿ ಕೇಳಿದಳು. ರಿಸೆಟ್ ಮಾಡೆಂದು ಯಾರು ಹೇಳಿದರು ಎಂಬ ಪ್ರಶ್ನೆಯನ್ನು ಹಾರಿಸಿ, ಮುಂದೇನು ಮಾಡಬೇಕೆಂದು ಕೇಳಿದೆ. ರಿಸೆಟ್ ಮಾಡಿದರೆ ಮೋಡೆಮ್ ಹುಟ್ಟಿದ ದಿನಕ್ಕೆ ಹೋಗುತ್ತದಂತೆ. ಯೂಜರ್‌ನೇಮ್, ಪಾಸ್‌ವರ್ಡ್ ಎಲ್ಲ ಮರೆತು ಕೂಸಾಗುತ್ತದಂತೆ. ಅವೆರಡನ್ನೂ ಹೊಸದಾಗಿ ಬರೆದರೆ ಸಾಕು, ಎರಡು ನಿಮಿಷದ ಕೆಲಸ. ಬರೆದಿಟ್ಟ ಕಾಗದ ಎಲ್ಲಿ? ಅದನ್ನು ನಾನು ಎಂದೂ ಕಳೆಯದಂಥ ಜಾಗದಲ್ಲಿ ಇಟ್ಟಿದ್ದೆ. ಜಾಗ ಯಾವುದೆಂಬುದು ಮಾತ್ರ ಕಳೆದಿತ್ತು.

"ಯೂಜರ್‌ನೇಮ್ ಆಡನಾವಚ ಅಸೇಲ" ಎಂದಳು ಹುಡುಗಿ. ಅಡ್ಡಹೆಸರೇ ಇರಬೇಕಂತೆ. ಅಯ್ಯೋ ದೇವರೇ, ನನ್ನ ಅಡ್ಡಹೆಸರು! ನಮ್ಮ ಗದಗ ಸೀಮೆಯಲ್ಲಿ ಬೆಲ್ಲದ, ಮೆಣಸಿನಕಾಯಿ, ಉಪ್ಪಿನ ಎಂದು ಅರ್ಧ ಕಿರಾಣಿ ಅಂಗಡಿಯೇ ಅಡ್ಡಹೆಸರಾಗಿ ಓಡಾಡುತ್ತದೆ, ಯಾರೂ ನಗುವುದಿಲ್ಲ. ನಾವು ಉಳ್ಳಾಗಡ್ಡಿಯವರು. ಅಂದರೆ ಈರುಳ್ಳಿ. ಪುಣೆಗೆ ಬಂದ ಹೊಸದರಲ್ಲಿ ಆಫೀಸಿನವನೊಬ್ಬ ಇದರ ಅರ್ಥ ಕೇಳಿ, ಮರುದಿನದಿಂದ ಊಟದ ಹೊತ್ತಿಗೆ ನನ್ನ ಮುಂದೆ ಈರುಳ್ಳಿ ಇಟ್ಟು ಕೈಮುಗಿಯತೊಡಗಿದ. ಅಂದಿನಿಂದ ನಾನು ಆಫೀಸಿನಲ್ಲಿ ಬರೀ 'ಎಸ್. ಯು.' ಆಗಿ ಉಳಿದೆ. ಈಗ ಅದನ್ನು ಪೂರ್ತಿ ಬಿಡಿಸಿ ಹೇಳಬೇಕಾಯಿತು. "ಯು ಫಾರ್ ಅಂಬ್ರೆಲಾ, ಎಲ್ ಫಾರ್ ಲಂಡನ್, ಆಣಖೀ ಏಕ ಲಂಡನ್..." "ಸರ, ಕಿತಿ ಲಂಡನ್?" ಒಟ್ಟು ಎಷ್ಟು ಲಂಡನ್ ಎಂದು ಅವಳಿಗೆ ಗಾಬರಿ. ಎರಡು ಲಂಡನ್ನು, ಎರಡು ಡೆಲ್ಲಿ ಮುಗಿಸುವಷ್ಟರಲ್ಲಿ ಒಂಬತ್ತೂ ಮುಕ್ಕಾಲು. ಅವಳ ದಾಖಲೆಯಲ್ಲಿ ಡೆಲ್ಲಿ ಒಂದೇ ಇತ್ತು. ಯೂಜರ್‌ನೇಮ್ ಅಂತೂ ಸಿಕ್ಕಿತು. ಪಾಸ್‌ವರ್ಡ್ ತನಗೆ ಕಾಣುವುದಿಲ್ಲ, ಕನೆಕ್ಷನ್ ಕೊಟ್ಟವನನ್ನೇ ಕೇಳಿ ಎಂದು ಅವಳು ಫೋನಿಟ್ಟಳು.

ಕೊಟ್ಟವನು ಜಾಧವ. ಅವನ ಮೊಬೈಲ್ ನಂಬರು ಪುಣ್ಯಕ್ಕೆ ಗೋಡೆಯ ಕ್ಯಾಲೆಂಡರಿನ ಮೇಲಿತ್ತು. ಮೂರನೆಯ ಸಲಕ್ಕೆ ಎತ್ತಿದ. ಯಾರದೋ ಮದುವೆಯ ಮೆರವಣಿಗೆಯಲ್ಲಿದ್ದ, ಬ್ಯಾಂಡಿನ ಗದ್ದಲಕ್ಕೆ ಅವನ ಮಾತು ಅರ್ಧವೂ ಕೇಳುತ್ತಿರಲಿಲ್ಲ. ನಾನು ಕೂಗಿದೆ, ಅವನೂ ಕೂಗಿದ. "ಸಾಹೇಬ, ತುಮ್ಹೀಚ ತರ ಸಾಂಗಿತಲಂ! ಉಳ್ಳಾಗಡ್ಡಿ ಮ್ಹಣಜೇ ಕಾಂದಾ! ತೇಚ ಟಾಕಲಂಯ, ಕಾಂದಾ!"

ಹೌದು, ನಾನೇ ಹೇಳಿದ್ದೆ! ಫಾರ್ಮು ತುಂಬುವಾಗ ಅವನು ಅರ್ಥ ಕೇಳಿದ್ದ, ಈರುಳ್ಳಿಗೆ ಮರಾಠಿಯಲ್ಲಿ ಕಾಂದಾ ಎನ್ನುತ್ತಾರಲ್ಲ, ಅದೇ ಎಂದು ಹೊಸ ಕನೆಕ್ಷನ್ನಿನ ಖುಷಿಯಲ್ಲಿ ನಾನು ಬಾಯಿಬಿಟ್ಟಿದ್ದೆ. ಅವನು ಅದನ್ನೇ ಪಾಸ್‌ವರ್ಡ್ ಮಾಡಿಬಿಟ್ಟಿದ್ದ. ಗಡಿಯಾರ ಹತ್ತಕ್ಕೆ ಎರಡು ನಿಮಿಷ ತೋರಿಸುತ್ತಿತ್ತು. ಇಂಗ್ಲಿಷಿನ ಐದಕ್ಷರ ಒತ್ತಿದೆ. ನಾಲ್ಕನೆಯ ದೀಪ ಮಿಟುಕಿತು, ಮಿಟುಕಿತು, ಗಟ್ಟಿಯಾಗಿ ನಿಂತಿತು! ಸುಮಿತ್ರಾ ಚಪ್ಪಾಳೆ ತಟ್ಟಿದಳು. ಪರದೆಯ ಮೇಲೆ ಈರಣ್ಣನ ಕರೆ ಬಂದೇ ಬಿಟ್ಟಿತು. "ಹೆಡ್‌ಫೋನ್ ಕೊಡ್ರಿ ಇಲ್ಲೆ" ಎಂದು ಅವಳು ಕೈಚಾಚಿದಳು. ಕೊಡಬೇಕಿತ್ತು. ಆದರೆ ಸರಿಯಾಗಿದೆಯೋ ಇಲ್ಲವೋ ಒಮ್ಮೆ ನೋಡಿ ಕೊಟ್ಟರಾಯಿತೆಂದು ನಾನೇ ತಲೆಗೇರಿಸಿ ಕರೆ ತೆಗೆದುಕೊಂಡೆ. ಇನ್ನೊಂದು ಕೈಯಲ್ಲಿ ಮೊಬೈಲು ಹಾಗೇ ಇತ್ತು. ಅದರಲ್ಲಿ ಜಾಧವ "ಕಾಯ ಝಾಲಂ? ಲಾಗಲಾ ಕಾ ಪಾಸ್‌ವರ್ಡ್? ಕೋಣತಾ?" ಎಂದು, ಪಾಸ್‌ವರ್ಡ್ ಹತ್ತಿತೇ, ಯಾವುದು ಹತ್ತಿತು ಎಂದು ಅರಚುತ್ತಿದ್ದ. ನನಗೆ ಆನಂದ ತಡೆಯಲಾಗಲಿಲ್ಲ. ಬ್ಯಾಂಡನ್ನು ಮೀರಿಸುವಂತೆ ಕೂಗಿದೆ: "ಕಾಂದಾ! ಕಾಂದಾ! ಕಾಂದಾಚ!"

ಕನೆಕ್ಟ್ ಆದ ಕೂಡಲೇ ಹೆಡ್‌ಫೋನ್ ಕೂಸಿನ ಕಿವಿಗೆ ಹಿಡಿಯುತ್ತೇನೆಂದು ಈರಣ್ಣ ಹೇಳಿದ್ದನಲ್ಲ, ಮಾತಿಗೆ ತಪ್ಪುವ ಮನುಷ್ಯನಲ್ಲ ಅವನು. ಪರದೆಯ ಮೇಲೆ ಕೂಸು ಕಣ್ಣರಳಿಸಿತು. ಹೆಡ್‌ಫೋನನ್ನೂ ಮೀರಿ ಹೊರಬಿದ್ದ ನನ್ನ ಕೂಗಿಗೆ ಸುತ್ತ ನಿಂತ ಕನ್ನಡದ, ಮರಾಠಿಯ ಹೆಂಗಸರೆಲ್ಲ ಮುಖ ಮುಖ ನೋಡಿಕೊಂಡರು. ಆಮೇಲೆ ಎದ್ದ ನಗೆಗೆ ನನ್ನ ಹೆಡ್‌ಫೋನಿನ ಗಂಟಲು ಒಡೆಯಿತು.

ಸುಮಿತ್ರಾ ಹೆಡ್‌ಫೋನನ್ನು ನನ್ನ ತಲೆಯಿಂದ ಕೂದಲು ಸಮೇತ ಕಿತ್ತುಕೊಂಡಳು. ಬಾಗಿ, ಮೈಕನ್ನು ತುಟಿಗೆ ಹಚ್ಚಿ, "ಕುರ್ರ್... ಚನ್ನವೀರಾ" ಎಂದಳು. ಮೂರು ಸಲ. ಅಲ್ಲಿನ ಹೆಂಗಸರು ಅಕ್ಕನ ಬದಲಿಗೆ ತಮ್ಮನ ಬೆನ್ನಿಗೆ ಗುದ್ದಿದರು. ನಗುವ ಮನೆಯೆದುರು ಇವಳು ಅಳುತ್ತಿದ್ದಳು. ತಂದೆಯ ಹೆಸರು ಉಳಿದ ಸಂತೋಷಕ್ಕೆ ಅಳುತ್ತಿದ್ದಾಳೆಂದುಕೊಂಡೆ. ಅವಳು ಕಣ್ಣೊರೆಸಿಕೊಂಡು ನನ್ನತ್ತ ತಿರುಗಿದ ರೀತಿ ನೋಡಿದ ಮೇಲೆ, ಅದು ಅರ್ಧ ಮಾತ್ರ ನಿಜವೆಂದು ತಿಳಿಯಿತು.

ಕಾಗದಪತ್ರದಲ್ಲಿ ಹುಡುಗ ಚನ್ನವೀರನೇ. ಆದರೆ ಕಿವಿಗೆ ಮೊದಲು ಬಿದ್ದ ಹೆಸರಿನ ಬಲವೇ ಬೇರೆ. ಮನೆಯಲ್ಲಿ ಎಲ್ಲರೂ ಅವನನ್ನು ಕರೆಯುವುದು ಕಾಂದಾ ಎಂದೇ. ಕ್ರಿಶ್ ಬೇಕೆಂದಿದ್ದ ತಾಯಿ ಎಲ್ಲರಿಗಿಂತ ಗಟ್ಟಿಯಾಗಿ ಕೂಗುತ್ತಾಳೆ. ಈಚೆಗೆ ರಜೆಗೆಂದು ಪುಣೆಗೆ ಬಂದಿದ್ದರು. ನಾಲ್ಕು ವರ್ಷದ ಹುಡುಗ ನಮ್ಮ ಬಾಗಿಲ ಹೊರಗಿನ ಹೆಸರಿನ ಹಲಗೆಯ ಮೇಲೆ ಬೆರಳಾಡಿಸಿ, "ಮಾಮಾ, ಇದೇನು ಬರದೈತಿ?" ಎಂದು ಕೇಳಿದ.

"ಉಳ್ಳಾಗಡ್ಡಿ ಅಂತ. ನನ್ನ ಅಡ್ಡಹೆಸರು."

"ಅಂದ್ರ?"

ಸುಮಿತ್ರಾ ಅಡಿಗೆಮನೆಯ ಬಾಗಿಲಲ್ಲಿ ಬಂದು ನಿಂತಳು. "ಹೇಳ್ರಿ" ಎಂದಳು. ನಾನು ಸಾಧ್ಯವಾದಷ್ಟು ಮೆಲ್ಲಗೆ, "ಅಂದ್ರ... ಕಾಂದಾ" ಎಂದೆ.

ಹುಡುಗ ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. "ಮಾಮಾ, ಅದು ನನ್ನ ಹೆಸರು. ನೀ ಯಾಕ ಇಟ್ಕೊಂಡಿ?"